ಹಳೆ ಫೋನು ಹುಡುಕುತ್ತಾ ಗಾಂಧಿನಗರಕ್ಕೆ

ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಗಾಂಧಿನಗರದ ಕಡೆ ನಡೆದರೆ ನ್ಯಾಷನಲ್ ಮಾರ್ಕೆಟ್. ಬೆಂಗಳೂರಿಗೆ ಬಂದಾಗ ನೀವೂ ಹೊಕ್ಕಿರಬಹುದು ಸಹೋದರಿ. ಇಕ್ಕಟ್ಟಾದ ದಾರಿ, ಎರಡೂ ಬದಿ ಪುಟ್ಟ ಮಳಿಗೆಗಳು, ಗಾಜಿನಡಿ ಸಾಲುಸಾಲು ಮೊಬೈಲುಗಳು. ಚೌಕಾಶಿ ಬರದವರಿಗೆ ಅಲ್ಲಿ ಕಷ್ಟ. ನಾನಂತೂ ಅದರಲ್ಲಿ ಬಹಳ ಹಿಂದೆ.

ಮೊನ್ನೆ ತಂಗಿಯ ಮಗಳ ಜೊತೆ ಹೋಗಿದ್ದೆ. ಊರಲ್ಲಿ ಯಾರಿಂದಲೋ ರಶೀದಿಯಿಲ್ಲದೆ ಕೊಂಡಿದ್ದ ಅವಳ ಫೋನು ಎರಡೇ ವಾರದಲ್ಲಿ ಸಿಗ್ನಲ್ ಕಳೆದುಕೊಂಡಿತ್ತು. ಸಿಮ್ ಬದಲಿಸಿದರೂ ಅಷ್ಟೇ. ಅದು ಕಳವಿನದ್ದು! ತಾಯಿ ಬಟ್ಟೆ ಹೊಲಿದು ಕೂಡಿಟ್ಟ ಹಣ ಹೋಯಿತು.

ಪ್ರತಿ ಫೋನಿಗೂ 15 ಅಂಕಿಗಳ ಐಎಂಇಐ ಸಂಖ್ಯೆಯಿದೆ. ಎರಡು ಸಿಮ್ಮಿನದಾದರೆ ಸಂಖ್ಯೆಯೂ ಎರಡು. ಕಳೆದುಕೊಂಡವರು ದೂರು ಕೊಟ್ಟು ಕೇಂದ್ರ ಸರಕಾರದ 'ಸಂಚಾರ್ ಸಾಥಿ'ಯಲ್ಲಿ ದಾಖಲಿಸಿದರೆ, ದೇಶದ ಯಾವ ಕಂಪೆನಿಯ ಸಿಮ್ಮೂ ಅದರಲ್ಲಿ ನಡೆಯದು. 2023ರ ಮೇ ತಿಂಗಳಿಂದ ಈ ಏರ್ಪಾಡು ದೇಶದೆಲ್ಲೆಡೆ ಇದೆ. ಆದರೆ ವೈಫೈ ನಡೆಯುತ್ತದೆ. ಅಂಗಡಿಯಲ್ಲಿ ವೀಡಿಯೊ ಓಡಿತೆಂದು ನಂಬಬೇಡಿ.

ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ಸಂಖ್ಯೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಕೆ ವೈ ಎಂ ಎಂದು ಬರೆದು, ಜಾಗ ಬಿಟ್ಟು, ಆ ಸಂಖ್ಯೆಯನ್ನು 14422ಕ್ಕೆ ಕಳುಹಿಸಿ. 'ಬ್ಲ್ಯಾಕ್‌ಲಿಸ್ಟೆಡ್', 'ಡೂಪ್ಲಿಕೇಟ್' ಅಥವಾ 'ಆಲ್‌ರೆಡಿ ಇನ್ ಯೂಸ್' ಎಂದು ಉತ್ತರ ಬಂದರೆ ಕೊಳ್ಳಬೇಡಿ. ಉತ್ತರ ಸರಿಯಿದ್ದರೂ ರಶೀದಿ ಬೇಕು. ಮಾಲೀಕ ನಾಳೆಯೂ ದೂರು ಕೊಡಬಹುದಲ್ಲ?

ಎರಡು ಅಂಗಡಿಗಳಲ್ಲಿ ನಮಗೆ ಹೊಂದುವಂಥದ್ದು ಸಿಗಲಿಲ್ಲ. ಮೂರನೆಯದರಲ್ಲಿ ಹಿರಿಯರೊಬ್ಬರು ಕನ್ನಡಕ ಏರಿಸಿ ರಶೀದಿ ಪುಸ್ತಕ ತೆಗೆದರು. ಹುಡುಗಿ ಅಂಕಿಗಳನ್ನು ಒಂದೊಂದಾಗಿ ಓದಿದಳು, ಅವರು ಬರೆದರು. ಮತ್ತೊಮ್ಮೆ ಓದಿಸಿ ತಾಳೆ ನೋಡಿದಳು. ಅಷ್ಟರಲ್ಲಿ ನಮ್ಮ ಬಸ್ಸು ಹೋಗಿತ್ತು.