ಅಂಗಸಾಧನೆಯ ಗುರುವೂ ಅವನ ಡಂಗುರವೂ

ವಿದ್ಯೆಯನ್ನು ಮಾರಬಾರದೆಂಬುದು ಹಿರಿಯರ ಮಾತು. ಆದರೆ ವಿದ್ಯಾವಂತನಿಗೂ ಹೊಟ್ಟೆಯೆಂಬುದೊಂದುಂಟು. ಬಾಡಿಗೆಯ ದಿನ ಬಂದಾಗ ಮನೆಯೊಡೆಯನು ಶಾಸ್ತ್ರಾರ್ಥಕ್ಕೆ ಕೂರುವುದಿಲ್ಲ. ವೈದ್ಯನ ಬಳಿಗೆ ಜನರನ್ನು ನೋವು ಕರೆತರುತ್ತದೆ. ವಕೀಲನ ಬಳಿಗೆ ಜಗಳ ಕರೆತರುತ್ತದೆ. ಅಂಗಸಾಧನೆಯನ್ನು ಕಲಿಸಿ ಜೀವಿಸತಕ್ಕವನ ಪಾಡು ಇವರಿಬ್ಬರಿಗಿಂತಲೂ ವಿಚಿತ್ರವಾದುದು. ಅವನು ಮಾರುವ ಸರಕು ಬೆವರು. ಅದೂ ತನ್ನದಲ್ಲ, ಕೊಳ್ಳುವವನದೇ. ಹಣವನ್ನೂ ಕೊಟ್ಟು ಶ್ರಮವನ್ನೂ ಪಡಿರೆಂದು ಲೋಕವನ್ನು ಒಲಿಸಬೇಕಾದರೆ ಅವನು ಯಾವ ಡಂಗುರವನ್ನು ಹೊಡೆಯಬೇಕು?

ಮೈಸೂರು ಸೀಮೆಯ ಒಂದು ಜಿಲ್ಲಾ ಪಟ್ಟಣದಲ್ಲಿ ಒಬ್ಬ ತರುಣನು ಬಟ್ಟೆಯ ಅಂಗಡಿಯ ಮೇಲಣ ಮಾಳಿಗೆಯನ್ನು ಬಾಡಿಗೆಗೆ ಹಿಡಿದು, ಸಾಲಮಾಡಿ ಕಬ್ಬಿಣದ ಗುಂಡುಗಳನ್ನೂ ಯಂತ್ರಗಳನ್ನೂ ತಂದು, ಈಗ ಎಲ್ಲರೂ ಜಿಮ್ ಎಂದು ಕರೆಯುವ ವ್ಯಾಯಾಮಶಾಲೆಯನ್ನು ತೆರೆದನು. ಬೀದಿಗೆ ಎದುರಾಗಿ ದೊಡ್ಡ ಫ್ಲೆಕ್ಸ್ ಹಲಗೆಯನ್ನು ಕಟ್ಟಿಸಿದನು. ಅದರಲ್ಲಿ ಅವನದೇ ಚಿತ್ರ: ಬರಿಯ ಮೈ, ಹುರಿಗೊಂಡ ತೋಳು, ಗಂಟಿಕ್ಕಿದ ಹುಬ್ಬು. ಆ ಮೈಯನ್ನು ಅವನು ಏಳು ವರ್ಷ ದುಡಿದು ಸಂಪಾದಿಸಿದ್ದನು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಫಲವೇನಾಯಿತು? ಕಾಲೇಜಿನ ಐದಾರು ಹುಡುಗರು ಬಂದು ಒಂದು ತಿಂಗಳ ಹಣ ತೆತ್ತು, ತೋಳು ಹಲಗೆಯಲ್ಲಿದ್ದಷ್ಟು ದಪ್ಪವಾಗಲಿಲ್ಲವೆಂದು ಬಿಟ್ಟುಹೋದರು. ಉಳಿದವರು ಹಲಗೆಯನ್ನು ನೋಡಿ, ಇದು ನಮ್ಮಂಥವರಿಗಲ್ಲವೆಂದು ತಲೆತಗ್ಗಿಸಿ ನಡೆದರು. ಸಾಲದ ಕಂತು ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಬರುತ್ತಿತ್ತು.

ಈ ತರುಣನ ಕಥೆಯನ್ನು ಮುಂದುವರಿಸುವ ಮೊದಲು, ಇದೇ ವೃತ್ತಿಯಲ್ಲಿ ಹಣವನ್ನೂ ಹೆಸರನ್ನೂ ಗಳಿಸಿದ ಹಿಂದಿನವರು ಏನು ಮಾಡಿದರೆಂಬುದನ್ನು ನೋಡುವುದು ಒಳ್ಳೆಯದು.

ಯೂಜೆನ್ ಸ್ಯಾಂಡೋ ಎಂಬವನು 1867ರಲ್ಲಿ ಪ್ರಷ್ಯಾದೇಶದ ಕ್ಯೋನಿಗ್ಸ್‌ಬರ್ಗಿನಲ್ಲಿ ಹುಟ್ಟಿದವನು. 1889ರಲ್ಲಿ ಲಂಡನ್ನಿನ ರಂಗಸ್ಥಳದಲ್ಲಿ ಸ್ಯಾಮ್ಸನ್ ಎಂದು ಕರೆದುಕೊಳ್ಳುತ್ತಿದ್ದ ಬಲಶಾಲಿಯನ್ನು ಪಂಥದಲ್ಲಿ ಸೋಲಿಸಿ ಅವನು ಪ್ರಸಿದ್ಧನಾದನು. 1893ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಆಟ ಮುಗಿದಮೇಲೆ ಶ್ರೀಮಂತ ಮಹಿಳೆಯರು ತೆರೆಯ ಹಿಂದೆ ಹೋಗಿ ಅವನ ತೋಳನ್ನು ಮುಟ್ಟಿನೋಡುವಂತೆ ಏರ್ಪಾಡಾಯಿತು. ಆ ಸುದ್ದಿಯೇ ಊರಿಗೆಲ್ಲ ಡಂಗುರವಾಯಿತು. ಆದರೆ ಮುಟ್ಟಿನೋಡಿದವರ ತೋಳಿಗೆ ಅದರಿಂದ ಬಲ ಬಂದಿತೆ? ಸ್ಯಾಂಡೋ ಬುದ್ಧಿವಂತನು, ಇದನ್ನು ತಾನೇ ಅರಿತನು. 1897ರಲ್ಲಿ ಲಂಡನ್ನಿನಲ್ಲಿ ವ್ಯಾಯಾಮಶಾಲೆಯನ್ನೂ ಮರುವರ್ಷ ಒಂದು ಮಾಸಪತ್ರಿಕೆಯನ್ನೂ ಆರಂಭಿಸಿ, ತನ್ನ ಪದ್ಧತಿಯಿಂದ ಸಾಧನೆ ಮಾಡಿದವರಿಗೆ ಬ್ರಿಟನ್ನಿನ ಜಿಲ್ಲೆಜಿಲ್ಲೆಯಲ್ಲಿ ಸ್ಪರ್ಧೆಗಳನ್ನು ನಡೆಸಿದನು. ಅವುಗಳ ಕೊನೆಯ ಪರೀಕ್ಷೆ 1901ರ ಸೆಪ್ಟೆಂಬರ್ 14ರಂದು ರಾಯಲ್ ಆಲ್ಬರ್ಟ್ ಸಭಾಭವನದಲ್ಲಿ ಜರುಗಿತು. ಷರ್ಲಾಕ್ ಹೋಮ್ಸನ ಕಥೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ ಮಹಾಶಯನೂ ತೀರ್ಪುಗಾರರಲ್ಲಿ ಒಬ್ಬನಾಗಿದ್ದನು. ಸ್ನಾಯುವಿನ ಗಾತ್ರವೊಂದನ್ನೇ ನೋಡದೆ, ಅಂಗಗಳ ಸಮತೆಯನ್ನೂ ಆರೋಗ್ಯವನ್ನೂ ಚರ್ಮದ ಕಾಂತಿಯನ್ನೂ ಎಣಿಕೆಗೆ ತೆಗೆದುಕೊಂಡರು. ಆ ದಿನ ಬಹುಮಾನ ಪಡೆದವನು ನಾಟಿಂಗ್‌ಹ್ಯಾಮಿನ ವಿಲಿಯಮ್ ಮರ್ರೆ. ತನ್ನ ಮೈಯನ್ನು ತೋರಿಸಿದ್ದಕ್ಕಿಂತ ಮಿಗಿಲಾಗಿ ಅನ್ಯರ ಮೈಯನ್ನು ತೋರಿಸಿದ ಆ ರಾತ್ರಿಯೇ ಸ್ಯಾಂಡೋ ಬಲಶಾಲಿಯ ಪಟ್ಟದಿಂದ ಗುರುವಿನ ಪಟ್ಟಕ್ಕೇರಿದನೆನ್ನಬಹುದು.

ಅವನ ತರುವಾಯ ಬಂದ ಚಾರ್ಲ್ಸ್ ಆಟ್ಲಸನ ಉಪಾಯ ಬೇರೆಯಾದುದು. ಇಟಲಿಯಿಂದ ಅಮೆರಿಕಕ್ಕೆ ವಲಸೆ ಬಂದ ಇವನು 1929ರಲ್ಲಿ ಒಬ್ಬ ಜಾಹೀರಾತು ನಿಪುಣನನ್ನು ಪಾಲುಗಾರನನ್ನಾಗಿ ಮಾಡಿಕೊಂಡು ಅಂಚೆಯ ಮೂಲಕ ಪಾಠಗಳನ್ನು ಮಾರಿದನು. ಅವನ ಜಾಹೀರಾತು ಚಿತ್ರಕಥೆಯ ರೂಪದ್ದು: ಕಡಲತಡಿಯಲ್ಲಿ ಕುಳಿತ ಬಡಕಲು ಹುಡುಗನ ಮುಖಕ್ಕೆ ಒಬ್ಬ ದಾಂಡಿಗನು ಮರಳನ್ನು ತೂರುತ್ತಾನೆ, ಜೊತೆಯ ಹುಡುಗಿಯೂ ಅವನನ್ನು ಹಗುರಾಗಿ ಕಾಣುತ್ತಾಳೆ, ಹುಡುಗನು ಪಾಠ ತರಿಸಿ, ಮೈ ಬೆಳಸಿ, ಹಿಂದಿರುಗಿ ಬಂದು ದಾಂಡಿಗನನ್ನು ಹೊಡೆಯುತ್ತಾನೆ. ವ್ಯಾಪಾರ ಭರದಿಂದ ಸಾಗಿತು. ಆದರೆ ಇಲ್ಲಿ ಮಾರಿದ್ದು ವ್ಯಾಯಾಮಕ್ಕಿಂತ ಹೆಚ್ಚಾಗಿ ನಾಚಿಕೆ. ಹುಣ್ಣಿಲ್ಲದವನಿಗೆ ಮೊದಲು ಹುಣ್ಣನ್ನು ತೋರಿಸಿ ಆಮೇಲೆ ಮುಲಾಮು ಮಾರುವ ಈ ಜಾಣತನ ಇಂದಿಗೂ ಸತ್ತಿಲ್ಲ. 'ಹಿಂದೆ ಹೀಗಿದ್ದರು, ಇಂದು ಹೀಗಾದರು' ಎಂದು ಜೋಡಿಸುವ ಎರಡು ಚಿತ್ರಗಳನ್ನು ಬೆಳಕಿನ ಮತ್ತು ಉಸಿರಿನ ಚಮತ್ಕಾರದಿಂದ ಒಂದೇ ದಿನದಲ್ಲಿ ತೆಗೆಯಬಹುದೆಂಬುದನ್ನು ಬಲ್ಲವರು ಬಲ್ಲರು. ಇಂಥ ಡಂಗುರಕ್ಕೆ ಓಗೊಟ್ಟು ಬಂದವನು ತನ್ನ ದೇಹವನ್ನು ಶತ್ರುವೆಂದೆಣಿಸಿಯೇ ಒಳಗೆ ಕಾಲಿಡುತ್ತಾನೆ. ಬೇಗನೆ ಗೆಲ್ಲಬೇಕೆಂಬ ಆತುರದಲ್ಲಿ ಔಷಧಗಳಿಗೂ ಕೈಚಾಚುತ್ತಾನೆ. ಹಾನಿಯಾಗುವುದು ಹಣಕ್ಕೆ ಮಾತ್ರವಲ್ಲ.

ಮೂರನೆಯವನು ಜ್ಯಾಕ್ ಲಲೇನ್. 1936ರಲ್ಲಿ ಅಮೆರಿಕದ ಓಕ್ಲೆಂಡ್ ನಗರದಲ್ಲಿ ಇವನು ಶಾಲೆ ತೆರೆದಾಗ, ಭಾರವೆತ್ತಿದರೆ ಹೃದಯ ಕೆಡುವುದೆಂದು ವೈದ್ಯರೇ ಜನರನ್ನು ಹೆದರಿಸುತ್ತಿದ್ದರು. ಲಲೇನನು, ತಾನೇ ಮುಂದೆ ಹೇಳಿಕೊಂಡಂತೆ, ಊರಿನ ಪ್ರೌಢಶಾಲೆಗೆ ಹೋಗಿ ಎಲ್ಲರಿಗಿಂತ ದಪ್ಪನಾದ ಹುಡುಗರನ್ನೂ ಎಲ್ಲರಿಗಿಂತ ಬಡಕಲಾದವರನ್ನೂ ಆರಿಸಿ, ಅವರ ಮನೆಗಳಿಗೆ ಹೋಗಿ ತಂದೆತಾಯಿಗಳೊಡನೆ ಮಾತನಾಡಿ, ಗುಣ ಕಾಣದಿದ್ದರೆ ಹಣ ವಾಪಸೆಂದು ಮಾತುಕೊಟ್ಟನು. ಮುಂದೆ ಅವನು ಎಪ್ಪತ್ತರ ವಯಸ್ಸಿನಲ್ಲಿ, 1984ರಲ್ಲಿ, ಕೈಗೆ ಬೇಡಿ ತೊಟ್ಟು ಎಪ್ಪತ್ತು ದೋಣಿಗಳನ್ನು ಎಳೆಯುತ್ತಾ ಈಜಿದ್ದು ಲೋಕಪ್ರಸಿದ್ಧವಾದ ಸಾಹಸ. ಆದರೆ ಆ ಸಾಹಸಕ್ಕಿಂತ, ಹುಡುಗನ ಮನೆಯ ಬಾಗಿಲನ್ನು ತಟ್ಟಿದ ಅವನ ಮೊದಲ ಹೆಜ್ಜೆಯೇ ದೊಡ್ಡದು. ಸುಲಭನಾದ ಶಿಷ್ಯನನ್ನು ಬಿಟ್ಟು ಕಠಿಣನಾದವನನ್ನು ಆರಿಸುವುದಕ್ಕೆ ತನ್ನ ವಿದ್ಯೆಯಲ್ಲಿ ನಂಬಿಕೆ ಬೇಕು.

ಈ ಮಾತು ನಮ್ಮವರಿಗೆ ಹೊಸದಲ್ಲ. ಕಾಳಿದಾಸನ 'ಮಾಲವಿಕಾಗ್ನಿಮಿತ್ರ'ದಲ್ಲಿ ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಹೆಚ್ಚೆಂದು ಜಗಳವಾಡುತ್ತಾ ರಾಜನ ಬಳಿಗೆ ಬರುತ್ತಾರೆ. ತೀರ್ಪು ಹೇಳಬೇಕಾದ ಪರಿವ್ರಾಜಿಕೆಯ ವಿವೇಚನೆ ಮನನೀಯವಾಗಿದೆ: ಕೆಲವರಲ್ಲಿ ವಿದ್ಯೆ ತಮ್ಮಲ್ಲೇ ಶೋಭಿಸುತ್ತದೆ, ಮತ್ತೆ ಕೆಲವರು ಅದನ್ನು ಇತರರಿಗೆ ದಾಟಿಸುವುದರಲ್ಲಿ ಸಮರ್ಥರು, ಎರಡೂ ಉಳ್ಳವನೇ ಗುರುಗಳಲ್ಲಿ ಅಗ್ರಗಣ್ಯನೆಂಬುದು ಅವಳ ಅಭಿಪ್ರಾಯ. ಆದುದರಿಂದ ಆಚಾರ್ಯರು ಕುಣಿಯಲಿಲ್ಲ. ಗಣದಾಸನ ಶಿಷ್ಯೆ ಮಾಲವಿಕೆ ಕುಣಿದಳು. ಆ ಪರೀಕ್ಷೆಯ ಹಿಂದೆ ವಿದೂಷಕನ ಹೂಟವಿದ್ದುದು ನಿಜ. ಆದರೆ ಪರೀಕ್ಷೆಯ ನ್ಯಾಯವೇನೂ ಅದರಿಂದ ಕೆಡುವುದಿಲ್ಲ. ನಮ್ಮ ಗರಡಿಗಳಲ್ಲಿಯೂ ಇದೇ ನ್ಯಾಯ. ಕುಸ್ತಿಯ ಕಣದಲ್ಲಿ ಪೈಲ್ವಾನನ ಹೆಸರಿನ ಜೊತೆಗೆ ಅವನ ಗರಡಿಯ ಮತ್ತು ಉಸ್ತಾದರ ಹೆಸರನ್ನೂ ಕೂಗುತ್ತಾರೆ. ಉಸ್ತಾದರು ಬದಿಯಲ್ಲಿ ಸುಮ್ಮನೆ ಕುಳಿತಿರುತ್ತಾರೆ.

'ಶಾಂತಲಾ', 'ರೂಪದರ್ಶಿ' ಕಾದಂಬರಿಗಳಿಂದ ಕನ್ನಡಿಗರ ಮನೆಮಾತಾದ ಬೆಂಗಳೂರಿನ ಕೆ. ವಿ. ಅಯ್ಯರರು ತಮ್ಮ ಸುಂದರ ದೇಹದ ಛಾಯಾಚಿತ್ರಗಳನ್ನು ಪ್ರಕಟಿಸಿ, ಅಂಚೆಯ ಮೂಲಕವೂ ಅಂಗಸಾಧನೆಯನ್ನು ಕಲಿಸಿದರು; ಆದರೂ ಅವರ ಕೀರ್ತಿಯನ್ನು ಬಹುಕಾಲ ಹೊತ್ತವರು ಅವರ ವ್ಯಾಯಾಮಶಾಲೆಯ ಶಿಷ್ಯರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ಯರು 1937ರಲ್ಲಿ ಪುಣೆಗೆ ಹೋದಮೇಲೆ ಯೋಗಾಸನಗಳನ್ನು ಎಷ್ಟೋ ಸಭೆಗಳಲ್ಲಿ ಪ್ರದರ್ಶಿಸಿದರು. ಆದರೆ ಪಾಶ್ಚಾತ್ಯರ ಕದ ತೆರೆದದ್ದು 1952ರಲ್ಲಿ ಮುಂಬಯಿಯಲ್ಲಿ ಭೇಟಿಯಾದ ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನನಿಂದ. ಆತನು 1954ರಲ್ಲಿ ಅವರಿಗೊಂದು ಕೈಗಡಿಯಾರವನ್ನಿತ್ತು, ತನ್ನ ಪಿಟೀಲು ಗುರುಗಳಲ್ಲಿ ಇವರೇ ಶ್ರೇಷ್ಠರೆಂದು ಅದರ ಮೇಲೆ ಕೆತ್ತಿಸಿದ್ದನು. ಅಯ್ಯಂಗಾರ್ಯರು ಆತನಿಗೆ ಪಿಟೀಲು ಕಲಿಸಿದವರಲ್ಲ. ಆದರೆ ಆತನು ಬಯಸಿದ್ದುದು ಆಸನಗಳ ವೈಚಿತ್ರ್ಯವನ್ನಲ್ಲ, ನೋವಿಲ್ಲದೆ ಪಿಟೀಲು ಬಾರಿಸುವುದನ್ನು. ಶಿಷ್ಯನಿಗೆ ಬೇಕಾದುದನ್ನು ಕೊಟ್ಟ ಗುರುವಿಗೆ ಶಿಷ್ಯನ ನಾಲಗೆಯೇ ನಗಾರಿ.

ಈಗ ನಮ್ಮ ತರುಣನ ಕಡೆಗೆ ತಿರುಗೋಣ. ಅವನ ನೆರೆಮನೆಯಲ್ಲಿ ಅರುವತ್ತೆಂಟು ವರ್ಷದ ಪುರೋಹಿತರೊಬ್ಬರಿದ್ದರು. ಮಂಡಿ ಬಿಗಿದು ನೆಲದ ಮೇಲೆ ಕೂರಲಾರದವರಾಗಿ ಎರಡು ವರ್ಷದಿಂದ ಪೌರೋಹಿತ್ಯವನ್ನೇ ಬಿಟ್ಟಿದ್ದರು. ಮದುವೆಯ ಊಟದಲ್ಲಿ ಪಂಕ್ತಿಯನ್ನು ಬಿಟ್ಟು ಮೂಲೆಯ ಮೇಜಿಗೆ ಹೋಗಬೇಕಾದುದು ಅವರಿಗೆ ಮಂಡಿಯ ನೋವಿಗಿಂತ ದೊಡ್ಡ ನೋವಾಗಿತ್ತು. ಒಂದು ಸಂಜೆ ಅವರು ಹಲಗೆಯ ಕಡೆಗೆ ನೋಡಿ ನಗುತ್ತಾ ಕೇಳಿದರು:

"ಏನಪ್ಪಾ, ನಿನ್ನ ಆ ಕಬ್ಬಿಣದಲ್ಲಿ ನನ್ನ ಮಂಡಿಗೇನಾದರೂ ಮದ್ದುಂಟೆ?"

"ಕಬ್ಬಿಣ ಬೇಡಿ ಶಾಸ್ತ್ರಿಗಳೇ. ಮೊದಲು ಡಾಕ್ಟರಿಗೆ ತೋರಿಸಿ ಬನ್ನಿ. ಅವರು ಆಗಬಹುದೆಂದರೆ ಒಂದು ಕುರ್ಚಿ, ನಾಲ್ಕು ಮಣೆ ಸಾಕು."

ವೈದ್ಯರು ಒಪ್ಪಿದರು. ಕುರ್ಚಿಯಿಂದ ಕೈಯೂರದೆ ಏಳುವುದು ಮೊದಲ ಪಾಠ. ದಿನಕ್ಕೆ ಹತ್ತು ಸಲ. ಅದು ಕೈಗೂಡಿದ ಮೇಲೆ ಕುರ್ಚಿಯ ಬದಲು ಗಿಡ್ಡನೆಯ ಸ್ಟೂಲು. ಆಮೇಲೆ ಒಂದರ ಮೇಲೊಂದಿಟ್ಟ ನಾಲ್ಕು ಮಣೆ. ಕೆಲವು ವಾರಗಳಿಗೊಂದರಂತೆ ಮಣೆಯನ್ನು ತೆಗೆಯುತ್ತಾ ಬಂದನು. ನಡುವೆ ಒಮ್ಮೆ ನೋವು ಹೆಚ್ಚಿದಾಗ ತೆಗೆದ ಮಣೆಯನ್ನು ಮತ್ತೆ ಇಟ್ಟನು. ನೆಲದಿಂದ ಎದ್ದು ನಿಲ್ಲುವುದು ಅಲ್ಪವಿಷಯವೆಂದು ಭಾವಿಸಬಾರದು. ಬ್ರೆಜಿಲ್ ದೇಶದ ವೈದ್ಯರು 51ರಿಂದ 80 ವರ್ಷದವರಾದ 2002 ಮಂದಿಯನ್ನು ಕೂರಿಸಿ ಏಳಿಸಿ ಕೆಲವು ವರ್ಷ ಗಮನಿಸಿದಾಗ, ಆಸರೆಯಿಲ್ಲದೆ ಏಳಲಾರದವರಲ್ಲಿ ಮರಣ ಹೆಚ್ಚೆಂದು ಕಂಡು 2012ರಲ್ಲಿ ಪ್ರಕಟಿಸಿದರು. ಕಾಲಿನ ಬಲ, ಕೀಲಿನ ಸಡಿಲ, ದೇಹದ ತೂಕ, ಸಮತೋಲ, ಇವೆಲ್ಲವೂ ಆ ಒಂದು ಚಲನೆಯಲ್ಲಿ ಪರೀಕ್ಷೆಗೊಳಗಾಗುತ್ತವೆ.

ಆರನೆಯ ತಿಂಗಳಲ್ಲಿ ಶಾಸ್ತ್ರಿಗಳ ಮೊಮ್ಮಗಳ ಮದುವೆ. ಪಂಕ್ತಿಯಲ್ಲಿ ಎಲೆಯ ಮುಂದೆ ಒಂದು ಮಣೆಯ ಮೇಲೆ ಕುಳಿತು ಅವರು ಊಟಮಾಡಿದರು. ಏಳುವಾಗ ಒಂದು ಕೈಯನ್ನು ನೆಲಕ್ಕೂರಿದರು. ಇನ್ನೊಬ್ಬರ ಕೈ ಬೇಕಾಗಲಿಲ್ಲ. ಎದುರು ಸಾಲಿನವರು ಎಲೆಯನ್ನು ಮರೆತು ನೋಡಿದರು. "ಯಾವ ಡಾಕ್ಟರು?" ಎಂದು ಕೇಳದವರಿಲ್ಲ. ಮುಂದಿನ ವಾರ ಮಾಳಿಗೆಯ ಮೆಟ್ಟಿಲ ಬುಡದಲ್ಲಿ ಏಳು ಮಂದಿ ಹಿರಿಯರು ನಿಂತಿದ್ದರು; ಆ ಮೆಟ್ಟಿಲನ್ನು ಹತ್ತಲಾರದವರು ಅವರಲ್ಲಿ ಮೂವರು. ತರುಣನು ಕೆಳಗಿಳಿದು ಬಂದು ಅಂಗಡಿಯ ಜಗಲಿಯ ಮೇಲೆಯೇ ಪಾಠವನ್ನು ಆರಂಭಿಸಿದನು. ಅಂದಿನಿಂದ ಆ ಜಗಲಿಯೇ ಅವನ ಜಾಹೀರಾತಾಯಿತು. ಬೀದಿಯಲ್ಲಿ ಹೋಗುವವರು ಹುರಿಗೊಂಡ ತೋಳಿನ ಬದಲು ತಮ್ಮಂಥ ಮುದುಕರು ಕುಳಿತೇಳುವುದನ್ನು ಕಂಡರು. ಕೆಲವು ದಿನಗಳಲ್ಲಿ ಫ್ಲೆಕ್ಸ್ ಹಲಗೆ ಇಳಿಯಿತು. ಅದರ ಜಾಗದಲ್ಲಿ ಒಂದು ಮರದ ಹಲಗೆ. ಅದರ ಮೇಲೆ 'ನೆಲದ ಮೇಲೆ ಕುಳಿತು ಏಳುವುದನ್ನು ಕಲಿಸಲಾಗುವುದು' ಎಂಬಷ್ಟೇ ಬರಹ.

ಎಲ್ಲರಿಗೂ ಹೀಗೆ ಫಲಿಸಿತೆಂದು ಹೇಳಿದರೆ ಸುಳ್ಳಾದೀತು. ಆ ಏಳು ಮಂದಿಯಲ್ಲಿ ಒಬ್ಬ ವೃದ್ಧೆಯ ಮಂಡಿ ಪೂರ್ಣವಾಗಿ ಸವೆದಿತ್ತು. ಎರಡು ವಾರ ನೋಡಿದ ತರುಣನು, "ಅಮ್ಮಾ, ಇದು ನನ್ನ ಕೈಯಲ್ಲಾಗುವುದಲ್ಲ, ದೊಡ್ಡ ಡಾಕ್ಟರ ಹತ್ತಿರ ಹೋಗಿ" ಎಂದು ಹೇಳಿ, ಪಡೆದ ಹಣವನ್ನು ಅವಳ ಕೈಯಲ್ಲಿಟ್ಟನು. ಆ ತಿಂಗಳ ಕಂತಿಗೆ ಅಷ್ಟು ಹಣ ಕಡಮೆಯಾಯಿತು. ವೃದ್ಧೆ ಸುಮ್ಮನಿರಲಿಲ್ಲ. ದೇವಸ್ಥಾನದಲ್ಲಿ, ಹಾಲಿನ ಅಂಗಡಿಯಲ್ಲಿ, ಮಗಳ ಮನೆಯಲ್ಲಿ, ಕಂಡಕಂಡವರಿಗೆಲ್ಲ, ಆಗುವುದಿಲ್ಲವೆಂದು ಹೇಳಿ ಹಣ ಹಿಂದಿರುಗಿಸಿದ ಹುಡುಗನೊಬ್ಬನಿದ್ದಾನೆಂದು ಹೇಳಿಕೊಂಡು ಬಂದಳು. ಶಾಸ್ತ್ರಿಗಳ ಮಂಡಿಯನ್ನು ನೋಡಿ ಬಂದವರಿಗಿಂತ ಅವಳ ಮಾತನ್ನು ಕೇಳಿ ಬಂದವರೇ ಹೆಚ್ಚೆಂದು ಅಂಗಡಿಯವರ ಲೆಕ್ಕ.