ಮೊದಲ ಗಾಳದ ಕೋಲು

ಎಪ್ಪತ್ತರ ದಶಕದಲ್ಲಿ ತೀರ್ಥಹಳ್ಳಿ ಕಡೆ ಗಾಳದ ಕೋಲನ್ನು ಯಾರೂ ದುಡ್ಡು ಕೊಟ್ಟು ತರುತ್ತಿರಲಿಲ್ಲ. ಅಂಗಡಿಯಿಂದ ಬರುತ್ತಿದ್ದದ್ದು ಗಾಳ, ತಂಗೂಸಿ ಎರಡೇ. ಕೋಲು ಬಿದಿರ ಮೆಳೆಯಿಂದ. ಹಾಗೆಂದು ಕಂಡದ್ದನ್ನು ಕಡಿಯುವಂತಿರಲಿಲ್ಲ. ಮೆಳೆಯ ಮುಂದೆ ನಿಂತು ಚಿಕ್ಕಪ್ಪ ಮೊದಲು ಕೇಳುತ್ತಿದ್ದದ್ದು, "ಎಲ್ಲಿ ಕೂರ್ತೀಯ? ಹಳ್ಳದಲ್ಲೋ, ಹೊಳೆಯಲ್ಲೋ?" ಹಳ್ಳಕ್ಕಾದರೆ ಹಗುರಾದ ವಾಟೆ ಸಾಕು. ತುಂಗೆಯ ಮಡುವಿಗಾದರೆ ಟೊಳ್ಳು ಕಡಿಮೆಯಿರುವ ಗಂಡು ಬಿದಿರೇ ಬೇಕು. ಎಳೆಯ ಬಿದಿರು ಒಣಗಿದರೆ ಸುಕ್ಕುಗಟ್ಟುತ್ತದೆ, ಬೇಗ ಹುಳ ಹಿಡಿಯುತ್ತದೆ, ಬಲಿತದ್ದನ್ನೇ ಆರಿಸಬೇಕು. ಕಡಿದದ್ದನ್ನು ನೆರಳಲ್ಲಿ ಒಣಗಿಸಿ, ಡೊಂಕಿದ್ದ ಗಿಣ್ಣನ್ನು ಬೆಂಕಿಗೆ ಹಿಡಿದು, ಬಿಸಿ ಆರುವ ಮೊದಲೇ ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡುತ್ತಿದ್ದರು.

ಆ ಕೋಲು ಇವತ್ತಿನದಕ್ಕಿಂತ ಒಳ್ಳೆಯದಿತ್ತು ಎಂದು ನಾನು ಹೇಳಲಾರೆ. ತಂಗೂಸಿಯನ್ನು ತುದಿಗೆ ಗಂಟು ಹಾಕುತ್ತಿದ್ದೆವು, ಅದರ ಉದ್ದ ಹೆಚ್ಚುಕಡಿಮೆ ಕೋಲಿನಷ್ಟೇ. ಅದಕ್ಕಿಂತ ಆಚೆ ಮೀನು ಹಾರಿದರೆ ನೋಡುತ್ತ ಕೂರಬೇಕು. ದೊಡ್ಡದೇನಾದರೂ ಕಚ್ಚಿ ಓಡಿದರೆ ಬಿಟ್ಟುಕೊಡಲು ದಾರವೇ ಇಲ್ಲ. ತಂಗೂಸಿ ತುಂಡಾಗಿ, ಗಾಳವನ್ನು ಬಾಯಲ್ಲಿಟ್ಟುಕೊಂಡೇ ಮೀನು ಹೋಗುತ್ತಿತ್ತು. ಈಗಿನ ರೀಲಿನಲ್ಲಿ ಡ್ರ್ಯಾಗ್ ಎಂಬ ತಿರುಪು ಇದೆ. ಎಳೆತ ಮಿತಿ ಮೀರಿದರೆ ಸುರುಳಿ ತಾನೇ ಜಾರಿ ಲೈನು ಬಿಡುತ್ತದೆ, ಮೀನು ದಣಿದ ಮೇಲೆ ಮತ್ತೆ ಸುತ್ತಿಕೊಳ್ಳಬಹುದು. ನನ್ನ ಲೆಕ್ಕದಲ್ಲಿ ಅಂದಿಗೂ ಇಂದಿಗೂ ಇರುವ ದೊಡ್ಡ ವ್ಯತ್ಯಾಸ ಈ ತಿರುಪು.

ಕಳೆದ ವರ್ಷ ತಮ್ಮನ ಮಗ ಮೊದಲ ರಾಡ್ ಕೊಳ್ಳಲು ಹೊರಟ. ಮೊಬೈಲಿನಲ್ಲಿ ಅವನು ತೋರಿಸಿದ್ದು ಕಡಲ ದಂಡೆಯಲ್ಲಿ ನಿಂತು ದೂರಕ್ಕೆ ಬೀಸುವ ಉದ್ದನೆಯ, ದಪ್ಪನೆಯ ರಾಡ್. "ದೊಡ್ಡ ಮೀನು ಬಂದ್ರೆ ಇರ್ಲಿ ಅಂತ, ದೊಡ್ಡಪ್ಪ" ಅಂದ. ಅವನು ಹೋಗುವುದು ಊರಿನ ಕೆರೆಗೆ. ಸಿಗುವುದು ಜಿಲೇಬಿ, ಕೊರವ, ಅದೃಷ್ಟವಿದ್ದರೆ ಕಾಟ್ಲಾ. ಅಷ್ಟು ಬಿರುಸಾದ ರಾಡ್ ಸಣ್ಣ ಮೀನು ಕಚ್ಚಿದ್ದನ್ನು ಕೈಗೆ ತಿಳಿಸುವುದೇ ಇಲ್ಲ, ಲ್ಯೂರ್ ಎಂಬ ಹಗುರಾದ ಹುಸಿ ಎರೆಯನ್ನು ದೂರಕ್ಕೆ ಎಸೆಯುವುದೂ ಇಲ್ಲ.

ಅಂಗಡಿಗೆ ಹೋಗಿ ಹಿಡಿಯ ಮೇಲ್ಭಾಗದ ಸಣ್ಣ ಅಕ್ಷರಗಳನ್ನು ಓದಿಸಿದೆ. ಉದ್ದ 7 ಅಡಿ, ಮೀಡಿಯಂ, ಲೈನು 8–16 ಪೌಂಡ್, ಲ್ಯೂರ್ 10–30 ಗ್ರಾಂ. ಕೆರೆಗೆ ಹೊಸಬನಿಗೆ ಇದು ಸರಿಯಾದ ಅಳತೆ. ಜೊತೆಗೆ 2500 ಅಥವಾ 3000 ಸೈಜಿನ ಸ್ಪಿನ್ನಿಂಗ್ ರೀಲ್. ಮಡಚುವ ಅಗ್ಗದ ರಾಡ್ ಬೇಡವೆಂದೆ. ಅದರಲ್ಲಿ ಕೀಲುಗಳು ಜಾಸ್ತಿ, ಸಡಿಲವಾಗುವುದೂ ಅಲ್ಲೇ. ಎರಡು ತುಂಡಿನದು ವಾಸಿ. ಆಮೇಲೆ ಜೇಬಿನಿಂದ ಹತ್ತಿ ತೆಗೆದು, ಲೈನು ಹಾಯುವ ಒಂದೊಂದು ಉಂಗುರದೊಳಗೂ ತಿರುಗಿಸಿದೆ. ಕಣ್ಣಿಗೆ ಕಾಣದ ಬಿರುಕಿದ್ದರೂ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಥ ಉಂಗುರ ಲೈನನ್ನು ದಿನದಿನವೂ ಸವೆಸುತ್ತದೆ. ಮೊದಲು ಕೈಗೆತ್ತಿಕೊಂಡದ್ದರಲ್ಲಿ ತುದಿಯ ಉಂಗುರಕ್ಕೇ ಎಳೆ ಸಿಕ್ಕಿತು. ಅಂಗಡಿಯವರು ಮರುಮಾತಿಲ್ಲದೆ ಬೇರೆ ಕೊಟ್ಟರು.

ಕಾರ್ಬನ್ನೋ ಗ್ಲಾಸ್ ಫೈಬರೋ ಎಂಬ ಪ್ರಶ್ನೆ ಉಳಿದಿತ್ತು. ಕಾರ್ಬನ್ ಹಗುರ, ಮೀನು ಮುಟ್ಟಿದ್ದೂ ಗೊತ್ತಾಗುತ್ತದೆ, ಆದರೆ ಕಲ್ಲಿಗೆ ಬಡಿದರೆ ಬಿರುಕು ಬಿಡುತ್ತದೆ. ಗ್ಲಾಸ್ ತುಸು ಭಾರ, ಏಟು ತಡೆಯುತ್ತದೆ. ನಾನು ಗ್ಲಾಸ್ ಅಂದೆ. ಅವನು ಕಾರ್ಬನ್ ಆರಿಸಿದ, ದುಡ್ಡು ಅವನದೇ.

ಎಲ್ಲಿ ಹಾಕಬಾರದು ಎಂಬುದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಗಾಳ ಹಾಕುವಂತಿಲ್ಲದ ಶೃಂಗೇರಿಯಲ್ಲೂ ಚಿಬ್ಬಲಗುಡ್ಡೆಯಲ್ಲೂ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿಯೇ ಬೆಳೆದ ಹುಡುಗ ಅವನು. ಹೇಳಬೇಕಾದದ್ದು ಬೇರೆಯಿತ್ತು. ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ. ಅವನ ಕೆರೆಯ ಏರಿ ಮೇಲೆ ಪಂಪ್‌ಸೆಟ್ಟಿನ ತಂತಿ ಜೋತುಬಿದ್ದಿದೆ. ಅಲ್ಲಿ ನಿಂತು ರಾಡ್ ಬೀಸಬೇಡ, ಗುಡುಗು ಕೇಳಿದ ತಕ್ಷಣ ಬಿಚ್ಚಿಟ್ಟು ಎದ್ದು ಬಾ ಎಂದು ಎರಡೆರಡು ಸಲ ಹೇಳಿ ಕಳಿಸಿದೆ.