ಶೀಟಿನ ಜೋಡು

ತಗಡಿನ ಮಾಡು ಸೋರುವುದು ಹೆಚ್ಚಾಗಿ ಜೋಡು ಮತ್ತು ಸ್ಕ್ರೂಗಳ ಬಳಿಯೇ. ನಮ್ಮ ಮಲೆನಾಡಿನಲ್ಲಿ ಮುಂಗಾರು ಗಾಳಿ ನೈಋತ್ಯದಿಂದ ನುಗ್ಗುತ್ತದೆ. ಹಾಗಾಗಿ ಶೀಟು ಹೊದಿಸುವುದನ್ನು ಗಾಳಿ ಬರುವ ಬದಿಯ ವಿರುದ್ಧ ತುದಿಯಿಂದ ಶುರು ಮಾಡಬೇಕು. ಆಗ ಮೇಲೆ ಕೂರುವ ಶೀಟಿನ ಅಂಚು ಗಾಳಿಗೆ ಬೆನ್ನು ಹಾಕುತ್ತದೆ, ಎರಚಲು ಸಂದಿಗೆ ಇಳಿಯುವುದಿಲ್ಲ. ಉದ್ದಕ್ಕೆ ಒಂದರ ಮೇಲೊಂದು ಕನಿಷ್ಠ 6 ಅಂಗುಲ ಬರಲಿ. ಇಳಿಜಾರು ಕಮ್ಮಿಯಿದ್ದರೆ ಇನ್ನೂ ಹೆಚ್ಚು. ಅಲೆಅಲೆಯ ತಗಡಿಗೆ ಸ್ಕ್ರೂ ಉಬ್ಬಿನ ಮೇಲೇ ಇರಬೇಕು, ನೀರು ಹರಿಯುವ ತಗ್ಗಿನಲ್ಲಿ ಖಂಡಿತ ಬೇಡ. ರಬ್ಬರ್ ವಾಷರ್ ಚಪ್ಪಟೆಯಾಗಿ ಹೊರಚಾಚುವಷ್ಟು ಬಿಗಿದರೆ ಬಿಸಿಲಿಗೆ ಬೇಗ ಸೀಳುತ್ತದೆ. ನಮ್ಮ ಕೊಟ್ಟಿಗೆ ಸೋರಿದ್ದು ಇದರಿಂದಲೇ. ಮೂಲೆಯಲ್ಲಿಟ್ಟಿದ್ದ ಅಡಿಕೆ ಪೂರ್ತಿ ಬೂಷ್ಟು ಹಿಡಿದಿತ್ತು. ನೋಡಿ ಹೊಟ್ಟೆ ಉರಿಯಿತು.

ಮೇ ಮುಗಿಯುವ ಮುನ್ನ ಏಣಿ ಹಾಕಿ ನಿಮ್ಮ ಮಾಡಿನ ವಾಷರ್‌ಗಳನ್ನು ಒಮ್ಮೆ ನೋಡಿಬಿಡಿ.